ಹಲ್ಲಿನ ಬಸ್ಸಿಗೆ ಒಂದೇ ಪೆಟ್ಟಿಗೆ

ಶಿವಮೊಗ್ಗದ ನೆಹರೂ ರಸ್ತೆಯ ಹಿಂದೆ, ದಸ್ತಗೀರ್ ಸಾಹೇಬರ ಅಂಗಡಿ.
ತಾಮ್ರ ಸುತ್ತುವ ಕೈ ನಿಲ್ಲಿಸದೆ ಕೇಳಿದರು:
"ಕರೆಂಟು ನಿಮಗೆ ಹೆಚ್ಚಾಗಿ ಕೆಡಿಸುತ್ತೋ, ಕಡಿಮೆಯಾಗಿಯೋ?"
ಎರಡೂ, ಅಂದೆ.
"ದುಡ್ಡು?"
ಒಂದಕ್ಕೆ.

ನಾನು ಹಲ್ಲಿನ ಬಸ್ಸಿನ ಡ್ರೈವರು.
ಸೀಟು ಕಿತ್ತ ಜಾಗದಲ್ಲಿ ಒರಗುವ ಕುರ್ಚಿ, ಕಂಪ್ರೆಸರು, ಉಗುಳುವ ಬಟ್ಟಲು,
ಹಿಂದೆ ಸುರುಳಿ ಸುತ್ತಿದ ನಲವತ್ತು ಮೀಟರು ಹಳದಿ ವೈರು.
ಊರು ಸೇರಿದೊಡನೆ ಡಾಕ್ಟರ್ ಐರಿನ್ ಗ್ಲೌಸು ಹಾಕುತ್ತಾರೆ,
ನಾನು ಪ್ಲಗ್ಗು ಹುಡುಕುತ್ತೇನೆ:
ಶಾಲೆಯಲ್ಲಿ, ಸೊಸೈಟಿಯಲ್ಲಿ,
ಒಮ್ಮೆ ಕೋಣಂದೂರಿನಾಚೆ, ಕ್ಷೌರದಂಗಡಿಯ ಕನ್ನಡಿಯ ಹಿಂದೆ.
ಮೀಟರು ಚುಚ್ಚಿ ನೋಡುತ್ತೇನೆ, ನಾಡಿ ಹಿಡಿದ ಹಾಗೆ.
ಹೊಸನಗರದಲ್ಲಿ ಇನ್ನೂರಹತ್ತು.
ನಿಟ್ಟೂರಿನ ಕಡೆ ನೂರ ಎಪ್ಪತ್ತು,
ಸಂಜೆ ಪಂಪುಗಳೆದ್ದರೆ ನೂರ ನಲವತ್ತೆಂಟು.
ತಲೆಯ ಮೇಲೆ ದೊಡ್ಡ ಲೈನು ಗುಂಯ್‌ಗುಟ್ಟುತ್ತ ದಾಟುತ್ತದೆ,
ಅಣೆಕಟ್ಟಿನಿಂದ ಹೊರಟದ್ದು.
ಇಲ್ಲಿ ನಿಲ್ಲುವುದಿಲ್ಲ, ಎಕ್ಸ್‌ಪ್ರೆಸ್ಸು.

ಸಾಹೇಬರು ಎರಡು ಪೆಟ್ಟಿಗೆ ಮುಂದಿಟ್ಟರು.
ಒಂದನ್ನು ಎತ್ತಲು ಇಬ್ಬರು ಬೇಕು.
"ಬೂಸ್ಟರು. ಏರಿಸುತ್ತೆ. ಎಲ್ಲಿಂದ ಅಂತ ಕೇಳಬೇಡಿ.
ಕೇಳಿದ್ರೆ ಹೇಳ್ಬೇಕಾಗುತ್ತೆ: ಅದೇ ತಂತಿಯಿಂದ ಇನ್ನಷ್ಟು ಎಳೆಯುತ್ತೆ.
ನಿಮಗೆ ಇನ್ನೂರು ಬಂತು ಅಂದ್ರೆ
ಪಕ್ಕದ ಮನೆ ಟ್ಯೂಬ್‌ಲೈಟು ಕಣ್ಣು ಮಿಟುಕಿಸ್ತಿದೆ ಅಂತ ಲೆಕ್ಕ."
ಇನ್ನೊಂದು ಅಂಗೈಯಗಲ, ಹಸಿರು ದೀಪ.
"ಇದು ಏನೂ ಕೊಡಲ್ಲ. ಬಾಗಿಲಲ್ಲಿ ಕೂತಿರುತ್ತೆ, ಅಷ್ಟೆ.
ಮಿತಿ ಮೀರಿ ಬಂದದ್ದನ್ನ ಒಂದು ದಿನ ನುಂಗಿ ಸಾಯುತ್ತೆ.
ಆಮೇಲೆ ನನ್ನ ಹತ್ರ ತರಬೇಡಿ. ರಿಪೇರಿ ಇಲ್ಲ."

ಹಸಿದವನಿಗೆ ಬೀಗ ಯಾಕೆ,
ಬೂಸ್ಟರನ್ನೇ ಹೊತ್ತುಕೊಂಡು ಬಂದೆ.

ನಿಟ್ಟೂರಿನ ಶಾಲೆ. ಕುರ್ಚಿಯಲ್ಲಿ ದ್ಯಾವಮ್ಮ, ಬಾಯಿ ತೆರೆದು.
ಟಕ್ ಅಂತು ಪೆಟ್ಟಿಗೆ, ಮುಳ್ಳು ಇನ್ನೂರು ದಾಟಿತು,
ಡ್ರಿಲ್ಲು ಕಣಜದ ಹಾಗೆ ಹಾಡಿತು.
ಎರಡೇ ನಿಮಿಷ. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು
ಪಕ್ಕದ ಗಿರಣಿಯ ಶೇಷಗಿರಿ ಬಂದು ನಿಂತ:
"ನಿಮ್ ಬಸ್ಸು ಬಂದ್ರೆ ನನ್ ಕಲ್ಲು ತಿರುಗಲ್ಲ ಮಾರಾಯ್ರೆ."
ಜಗಳವಾಡುವ ಹೊತ್ತಲ್ಲ. ಸಾಲಿನಲ್ಲಿ ಹನ್ನೊಂದು ಜನ,
ಅವನಲ್ಲಿ ಅಕ್ಕಿ ಚೀಲ ಏಳು.
ಒಂದು ಹಲ್ಲು, ಆಮೇಲೆ ಅರ್ಧ ಚೀಲ, ಅಂತ ಗೊತ್ತು ಮಾಡಿಕೊಂಡೆವು.
ಶಾಲೆಯ ಹುಡುಗಿಯೊಬ್ಬಳು ಮಧ್ಯೆ ನಿಂತು ಕೈ ಬೀಸುತ್ತಿದ್ದಳು,
ಗಾರ್ಡಿನ ಠೀವಿಯಲ್ಲಿ.

ನಾಲ್ಕು ಗಂಟೆಗೆ ಏಪ್ರಿಲ್ಲಿನ ಮೊದಲ ಗುಡುಗು.
ವೈರು ಕೀಳಲು ಓಡಿದೆ. ಐದು ಹೆಜ್ಜೆ ಉಳಿದಿತ್ತು.
ಸಿಡಿಲು ಎಲ್ಲೋ ಬಿತ್ತು, ಲೈನು ಹಿಡಿದು ಇಲ್ಲಿಗೆ ಬಂತು.
ಬಡವರ ಪಾಲನ್ನು ಹಿಗ್ಗಿಸಿ ಕೊಡುತ್ತಿದ್ದ ನನ್ನ ಪೆಟ್ಟಿಗೆ
ಅದನ್ನೂ ಒಳಗೆ ಬಿಟ್ಟಿತು, ಬೇಡ ಅನ್ನಲು ಕಲಿತಿರಲಿಲ್ಲ.
ಚರ್ರ್. ಅರಗು ಸುಟ್ಟ ವಾಸನೆ.
ಕುರ್ಚಿ ಮೇಲೆದ್ದಲ್ಲೇ ನಿಂತಿತು, ಅದರಲ್ಲಿ,
ಎರಡನೆಯ ಸಲ ಸರದಿ ಹಿಡಿದ ದ್ಯಾವಮ್ಮ, ಸೀಲಿಂಗಿಗೆ ಒಂದು ಮೊಳ ಕೆಳಗೆ.
ಡಾಕ್ಟರು ಸ್ಟೂಲು ಹತ್ತಿದರು, ನಾನು ಟಾರ್ಚು ಹಿಡಿದೆ,
ಇಕ್ಕಳ ಕೆಲಸ ಮುಗಿಸಿತು.
ಅಜ್ಜಿ ಹತ್ತಿ ಕಚ್ಚಿಕೊಂಡು ಏನೋ ಅಂದಳು.
ನಗು ಅಂತ ಆಮೇಲೆ ಗೊತ್ತಾಯಿತು.

ಸುಟ್ಟ ಬೋರ್ಡನ್ನು ಸಾಹೇಬರು ಮೂಸಿ ನೋಡಿದರು, ಏನೂ ಹೇಳಲಿಲ್ಲ.
ಹೇಳಿದ್ದರೆ ಹಗುರಾಗುತ್ತಿತ್ತು.
ಅಂಗೈಯಗಲದ್ದನ್ನು ಕಾಗದದಲ್ಲಿ ಸುತ್ತಿ, ಸಾಲದ ಪುಸ್ತಕದಲ್ಲಿ
"ಹಲ್ಲಿನ ಬಸ್ಸು" ಎಂದಷ್ಟೇ ಬರೆದುಕೊಂಡರು.

ಈಗ ಇದು ಮುಂದೆ, ರಿವೈಂಡ್ ಆದ ಬೂಸ್ಟರು ಹಿಂದೆ.
ಬೆಳಿಗ್ಗೆ ಟೈರಿನ ಗಾಳಿಗೂ ಮೊದಲು ಹಸಿರು ದೀಪ ನೋಡುತ್ತೇನೆ.
ಶೇಷಗಿರಿಯೂ ಒಂದು ಮೀಟರು ಕೊಂಡಿದ್ದಾನೆ.
ಬುಧವಾರ ಅವನ ಫೋನು ಬರುತ್ತದೆ, ಹಲೋ ಇಲ್ಲ, ಕುಶಲ ಇಲ್ಲ:
"ನೂರ ಅರವತ್ತೆರಡು.
ಚೀಲ ಮೂರೇ ಇವೆ. ಬನ್ನಿ."